ಅಕ್ಕನ ಮಂಡಿಗೆ ತಗ್ಗಿದ ಪಿಕಪ್

ಎಸ್ಪನ್ಯೋಲಾ ಕಣಿವೆಯಲ್ಲಿ ಗಾಡಿಯನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಓಡಿಸುವವರಿಗೆ ಹುಚ್ಚು ಎಂದು ಬಾಯಿಬಿಟ್ಟು ಹೇಳುತ್ತಿದ್ದವಳು ಓರ್ಲಿಂಡಾ ಆರ್ಚುಲೆಟಾ ಒಬ್ಬಳೇ. ಬೇರೆ ಯಾರೂ ಹೇಳುವಂತಿರಲಿಲ್ಲ. ಎರಡು ಮನೆಗೊಂದರಂತೆ ಅಂಗಳದಲ್ಲಿ ಅಂಥದ್ದೊಂದು ಗಾಡಿ ಹೊಟ್ಟೆ ನೆಲಕ್ಕೊತ್ತಿ ಮಲಗಿರುತ್ತಿತ್ತು. ನಿಜ ಹೇಳಬೇಕೆಂದರೆ ಅವಳೂ ಹೇಳುವಂತಿರಲಿಲ್ಲ, ಏಕೆಂದರೆ ಆ ಹುಚ್ಚರಿಗೆಲ್ಲ ಗುರುವಿನಂತಿದ್ದವನು ಅವಳ ಸ್ವಂತ ತಮ್ಮ ಎಲ್ಫೆಗೊ. ಭಾನುವಾರ ಚರ್ಚಿನ ಪೂಜೆ ಮುಗಿದ ಮೇಲೆ ಅವನ ನೇರಳೆ ಬಣ್ಣದ ಕಾರು ಪೇಟೆಬೀದಿಯಲ್ಲಿ ಆಮೆನಡಿಗೆಯಲ್ಲಿ ಸಾಗುವಾಗ ಇವಳು ತನ್ನ ಪಿಕಪ್ಪಿನ ಕಿಟಕಿಯಿಂದ ತಲೆ ಹೊರಗೆ ಹಾಕುವಳು.

"ಲೋ, ನೆಲ ಗುಡಿಸ್ತಾ ಇದೀಯೇನೋ? ಹಂಗೇ ನಮ್ಮನೆ ಅಂಗಳಕ್ಕೂ ಬಂದೋಗು."

ಎಲ್ಫೆಗೊಗೆ ಇದು ಎಮ್ಮೆ ಮೇಲೆ ಮಳೆ ಸುರಿದಂತೆ. ಟೋಪಿಯನ್ನು ಎರಡು ಬೆರಳಿನಲ್ಲಿ ಎತ್ತಿ, "ಆಗಲಿ ಅಕ್ಕ" ಅನ್ನುವನು.

ನಾನು ಇಬ್ಬರಿಗೂ ಚಿಕ್ಕಪ್ಪನ ಮಗ, ಮೆಲಿತೊನ್. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಮಕ್ಕಳ ಗಲಾಟೆಯಲ್ಲಿ ನನ್ನ ಸಹನೆಯೆಲ್ಲ ಸವೆದು ಹೋಗಿದೆ, ಆದ್ದರಿಂದ ಈ ಅಕ್ಕತಮ್ಮಂದಿರ ಸಂಗತಿ ಹೇಳುವಾಗ ನಡುವೆ ಸಿಟ್ಟು ಇಣುಕಿದರೆ ಸಹಿಸಿಕೊಳ್ಳಬೇಕು.

ಓರ್ಲಿಂಡಾಳ ಪಿಕಪ್ 1956ರ ಷೆವರ್ಲೆ. ಎಲೆಕೋಸಿನ ಬಣ್ಣ, ದುಂಡು ಮೂತಿ, ಹಿಂದೆ ಮರದ ಹಲಗೆ ಹಾಸು. ಅವರಿಬ್ಬರ ಅಪ್ಪ, ಅಂದರೆ ನನ್ನ ದೊಡ್ಡಪ್ಪ ಕ್ಲಿಯೋಫಾಸ್, ಅದರಲ್ಲಿ ಕುರಿ ಸಾಗಿಸಿದ, ಸೌದೆ ಸಾಗಿಸಿದ, ಒಮ್ಮೆ ಹೆರಿಗೆ ನೋವಿನ ಹೆಂಡತಿಯನ್ನೂ ಸಾಗಿಸಿದ. ಹಾಗೆ ದಾರಿಯಲ್ಲೇ ಹುಟ್ಟಿದವನು ಎಲ್ಫೆಗೊ. ನ್ಯಾಯವಾಗಿ ಅದು ಅವನಿಗೇ ಬರಬೇಕಿತ್ತು. ಬರಲಿಲ್ಲ. ಹದಿನೇಳರ ವಯಸ್ಸಿನಲ್ಲಿ ಆ ಮಹಾನುಭಾವ ಅಪ್ಪನ ಇನ್ನೊಂದು ಕಾರಿನ ನಾಲ್ಕೂ ಸ್ಪ್ರಿಂಗುಗಳನ್ನು ಗರಗಸದಿಂದ ಒಂದೂವರೆ ಸುತ್ತು ಕೊಯ್ದು ಕಾರನ್ನು ತಗ್ಗಿಸಿದ್ದ, ಅಪ್ಪನಿಗೆ ಹೇಳಿರಲಿಲ್ಲ. ಮರುದಿನ ದೊಡ್ಡಪ್ಪ ಕೋಟು ತೊಟ್ಟು ಮದುವೆಗೆ ಹೊರಟ. ದನ ದಾಟದಿರಲೆಂದು ಗೇಟಿನ ಬಳಿ ಹಾಸಿದ ಕಬ್ಬಿಣದ ಸರಳುಗಳಿಗೆ ಕಾರಿನ ಹೊಗೆಕೊಳವೆ ಸಿಕ್ಕಿ ಅಲ್ಲೇ ಉಳಿಯಿತು. ವಧುವರರು ಉಂಗುರ ಬದಲಾಯಿಸುವ ಹೊತ್ತಿಗೆ ಸರಿಯಾಗಿ ಆ ಕಾರು ಯುದ್ಧ ವಿಮಾನದ ಸದ್ದು ಮಾಡುತ್ತ ಚರ್ಚಿನ ಅಂಗಳಕ್ಕೆ ಬಂತು. ದೊಡ್ಡಪ್ಪ ಆ ಅವಮಾನವನ್ನು ಸಾಯುವ ತನಕ ಮರೆಯಲಿಲ್ಲ. ಪಿಕಪ್ಪಿನ ಕೀಲಿ ಮಗಳ ಕೈಗೆ ಕೊಡುವಾಗ ಹೇಳಿದ ಮಾತನ್ನು ನಾನೇ ಕೇಳಿದ್ದೇನೆ.

"ಎಲ್ಫೆಗೊ ಕೈಯಿನ ಗರಗಸ ಈ ಗಾಡಿಗೆ ತಾಕಬಾರದು. ಆಣೆ ಇಡು."

ಇಟ್ಟಳು. ಎಲ್ಫೆಗೊ ಬಾಗಿಲಲ್ಲೇ ನಿಂತಿದ್ದ. ಅವನು ಅಂದಿನಿಂದ ಆ ಪಿಕಪ್ಪಿನ ಬಾಗಿಲ ಹಿಡಿಯನ್ನೂ ಮುಟ್ಟಲಿಲ್ಲ. ಮುಂದೆ ನಲವತ್ತು ವರ್ಷ ಊರವರ ಗಾಡಿಗಳನ್ನೆಲ್ಲ ತಗ್ಗಿಸಿದ. ದೂರದೂರಿನಿಂದ ಜನ ಅವನ ಶೆಡ್ಡಿಗೆ ಗಾಡಿ ಹೊತ್ತು ತಂದರು. ಅಕ್ಕನ ಲೆಕ್ಕದಲ್ಲಿ ಮಾತ್ರ ಅವನು ನೆಲ ಗುಡಿಸುವವನೇ.

ಓರ್ಲಿಂಡಾ ನಮ್ಮೂರ ಕಾಲುವೆಯ ನೀರುಗಂಟಿ. ಯಾರ ಹೊಲಕ್ಕೆ ಯಾವಾಗ ನೀರು, ಎಷ್ಟು ಹೊತ್ತು ಎಂದು ಹೇಳುವ ಅಧಿಕಾರ ಅವಳದ್ದು. ಹನ್ನೊಂದು ವರ್ಷದಿಂದ ಅವಳನ್ನೇ ಆರಿಸುತ್ತ ಬಂದಿದ್ದೆವು. ಪ್ರೀತಿಯಿಂದಲ್ಲ, ಅವಳು ತನ್ನ ಹೊಲಕ್ಕೆ ಒಂದು ಗಳಿಗೆ ಹೆಚ್ಚು ನೀರು ಬಿಟ್ಟುಕೊಂಡವಳಲ್ಲ ಎಂಬ ಕಾರಣಕ್ಕೆ. ಆದರೆ ಅರವತ್ತಾರನೆಯ ವಯಸ್ಸಿಗೆ ಅವಳ ಎರಡೂ ಮಂಡಿ ಕೈಕೊಟ್ಟವು. ಸಮನೆಲದಲ್ಲಿ ಕೋಲೂರಿ ನಡೆಯಬಲ್ಲಳು. ಮಂಡಿ ಮಡಚಿ ಕಾಲೆತ್ತಿ ಪಿಕಪ್ ಹತ್ತುವುದು ಮಾತ್ರ ಆಗದು. ತಗ್ಗಿನ ಕಾರಿನಲ್ಲಿ ಕೂರಬಹುದು ಅನ್ನಿ, ಕಾಲುವೆಯ ಏರಿಯ ಮೇಲೆ ಅಂಥ ಕಾರು ಹತ್ತು ಮಾರು ಹೋಗುವಷ್ಟರಲ್ಲಿ ಕಲ್ಲಿಗೆ ಕೂರುತ್ತದೆ. ಆಪರೇಷನ್ನಿಗೆ ಸರದಿ ಬರುವುದು ಮುಂದಿನ ಚಳಿಗಾಲಕ್ಕೆ.

ಫೆಬ್ರವರಿಯ ಕಾಲುವೆ ಸಭೆಯಲ್ಲಿ ಪ್ರೊಕೋಪಿಯೊ ಎದ್ದು ನಿಂತ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ನಿವೃತ್ತನಾದವನು, ನೀರುಗಂಟಿ ಆಗಬೇಕೆಂಬ ಆಸೆಯಿಂದ ಆಗಲೇ ಹೊಸ ರಬ್ಬರ್ ಬೂಟು ಕೊಂಡಿಟ್ಟವನು.

"ಅಕ್ಕಯ್ಯನ ಮೇಲೆ ನಂಗೆ ಗೌರವ ಇದೆ. ಆದ್ರೆ ನೀರುಗಂಟಿ ಅಂದ್ರೆ ಏರಿ ಮೇಲೆ ನಿಲ್ಬೇಕು, ಅಳತೆಗೋಲು ಹಿಡ್ದು ನಡೀಬೇಕು. ಕಿಟಕೀಲಿ ಕೂತು ಕೂಗೋದಾದ್ರೆ ಅದಕ್ಕೆ ಸ್ಕೂಲ್ ಬಸ್ ಡ್ರೈವರ್ ಸಾಕು."

ನಾನು ಎದುರಿಗೇ ಕೂತಿದ್ದೆ. ಅವನ ಹೊಸ ಬೂಟಿಗೆ ಹುಳು ಬೀಳಲಿ.

ಸಭೆ ತೀರ್ಮಾನಿಸಿತು: ಮಾರ್ಚ್ ಕೊನೆಯ ಶನಿವಾರ ಊರೆಲ್ಲ ಸೇರಿ ಕಾಲುವೆ ಹೂಳೆತ್ತುವ ದಿನ ಓರ್ಲಿಂಡಾ ಏರಿಯ ಮೇಲೆ ನಿಂತು ಪ್ರತಿಯೊಬ್ಬನು ತೆಗೆಯಬೇಕಾದ ಹೂಳಿನ ಪಾಲು ಅಳೆದು ಕೊಡಬೇಕು. ಆಗದಿದ್ದರೆ ಅಳತೆಗೋಲು, ಅದರೊಡನೆ ನೀರುಗಂಟಿ ಕೆಲಸ, ಪ್ರೊಕೋಪಿಯೊನ ಕೈಗೆ. ಓರ್ಲಿಂಡಾ ಹೊರಗೆ ಬಂದು ನನ್ನ ತೋಳು ಹಿಡಿದು ಕಡ್ಡಿ ಮುರಿದಂತೆ ಹೇಳಿದಳು.

"ಆ ಗುಡಿಸೋನ ಶೆಡ್ಡಿಗೆ ಕರ್ಕೊಂಡ್ ಹೋಗು."

ಎಲ್ಫೆಗೊನ ಶೆಡ್ಡಿನಲ್ಲಿ ಸೌದೆ ಒಲೆಯ ಪಕ್ಕದಲ್ಲಿ ಅವಳನ್ನು ಕೂರಿಸಿದೆವು. ಒಂದು ಲೋಟ ಕಾಫಿ ಮುಗಿಯುವವರೆಗೂ ಅವಳು ಹವಾಮಾನದ ಬಗ್ಗೆ ಮಾತಾಡಿದಳು. ಅವಳಂಥವಳ ಬಾಯಲ್ಲಿ ಹವಾಮಾನ ಬಂತೆಂದರೆ ಎಷ್ಟು ಕಷ್ಟ ಪಡುತ್ತಿದ್ದಾಳೆಂದು ತಿಳಿಯಬೇಕು.

"ಗಾಳಿ ತುಂಬಿ ಗಾಡಿ ಏರ್ಸಿ ಇಳ್ಸಿ ಮಾಡ್ತೀಯಂತಲ್ಲ," ಅಂದಳು ಕೊನೆಗೆ. "ನಂದು ಇಳ್ಸಿಕೊಡು. ನಾನು ಹತ್ತೋವಷ್ಟು. ಆಮೇಲೆ ಏರಿ ಮೇಲೆ ಓಡೋವಷ್ಟು ಎತ್ಬೇಕು."

ಎಲ್ಫೆಗೊ ತನ್ನ ಲೋಟವನ್ನೇ ನೋಡುತ್ತ ಕೂತ. "ಅಪ್ಪನ ಆಣೆ?"

"ಗರಗಸ ಮುಟ್ಟಬೇಡ. ಸ್ಪ್ಯಾನರ್ ಮುಟ್ಟು."

ಕೆಲಸ ಶುರುವಾಯಿತು. ನಾನು ಬೆಳಗ್ಗೆ ಹೋಗಿ ಸಂಜೆ ಬರುತ್ತಿದ್ದೆ, ದೀಪ ಹಿಡಿಯಲು ಮತ್ತು ಬಯ್ಯಲು. ಮಧ್ಯಾಹ್ನಕ್ಕೆ ಓರ್ಲಿಂಡಾ ಹಸಿ ಮೆಣಸಿನಕಾಯಿಯ ಸಾರು, ರೊಟ್ಟಿ ಕಳಿಸುವಳು. ಅರವತ್ತು ವರ್ಷದ ತುಕ್ಕಿನಲ್ಲಿ ಸಿಕ್ಕಿಕೊಂಡ ಬೋಲ್ಟುಗಳನ್ನು ಎಲ್ಫೆಗೊ ಎಣ್ಣೆ ಕುಡಿಸಿ, ಬಿಸಿ ಕೊಟ್ಟು, ಪುಸಲಾಯಿಸಿ ಒಂದೊಂದಾಗಿ ಬಿಚ್ಚಿದ. ಬೇರೆಯವರ ಗಾಡಿಯಾಗಿದ್ದರೆ ಕೊಯ್ದು ಬಿಸಾಡುತ್ತಿದ್ದ. ಗಾಡಿಯ ಭಾರ ಹೊರುತ್ತಿದ್ದ ಹಳೆಯ ಕಮಾನು ಪಟ್ಟಿಗಳನ್ನು ಇಳಿಸಿ, ಒರೆಸಿ, ಗೋಣಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟ. ಅವುಗಳ ಜಾಗಕ್ಕೆ ದಪ್ಪ ರಬ್ಬರಿನ ನಾಲ್ಕು ಗಾಳಿಚೀಲ ಕೂರಿಸಿದ. ಗಾಳಿ ತುಂಬುವ ಪಂಪು, ಕೂಡಿಡುವ ತೊಟ್ಟಿ, ಕೊಳವೆಗಳೆಲ್ಲ ಹಿಂದಿನ ಹಲಗೆಯಡಿ ಕೂತವು. ಚೀಲಕ್ಕೆ ಗಾಳಿ ಹೋದರೆ ಗಾಡಿ ಏಳುತ್ತದೆ, ಬಿಟ್ಟರೆ ಕೂರುತ್ತದೆ. ಇಷ್ಟೇ ವಿದ್ಯೆ, ಆದರೆ ಈ ವಿದ್ಯೆಗೆ ನಮ್ಮ ಕಣಿವೆಯಲ್ಲಿ ಸಂಸಾರಗಳು ಮುರಿದಿವೆ.

ಎರಡನೇ ವಾರ ಕೆಲಸ ನಿಂತಿತು. ಗಾಡಿ ತಗ್ಗಿದಾಗ ಹಿಂದಿನ ಚಕ್ರಗಳನ್ನು ಕೂಡಿಸುವ ಆಕ್ಸಲ್ ಮೇಲಕ್ಕೆ ಬಂದು ಗಾಡಿಯ ಬೆನ್ನೆಲುಬಾದ ಉದ್ದನೆಯ ಕಬ್ಬಿಣಕ್ಕೆ ಬಡಿಯುತ್ತದೆ. ಅದು ಬಡಿಯದಂತೆ ಎರಡೂ ಪಕ್ಕ ಆ ಕಬ್ಬಿಣದಲ್ಲಿ ಅರ್ಧಚಂದ್ರದಷ್ಟು ಕೊಯ್ದು ತೆಗೆದು, ಇನ್ನೂ ಗಟ್ಟಿಯಾದ ಕಮಾನನ್ನು ಬೆಸೆಯಬೇಕು. ಬೇರೆ ದಾರಿಯೇ ಇಲ್ಲ, ಕಬ್ಬಿಣ ಕೊಯ್ಯುವ ಗ್ರೈಂಡರೂ ಗರಗಸವೇ ತಾನೇ. ಎಲ್ಫೆಗೊ ಸುಣ್ಣದಕಡ್ಡಿಯಲ್ಲಿ ಗೆರೆ ಎಳೆದ, ಕೈ ಒರೆಸಿಕೊಂಡ, ಹೊರಗೆ ಹೋಗಿ ಕೂತ. ಆರು ದಿನ ಹಾಗೇ ಕೂತ.

ನನಗೆ ತಡೆಯಲಾಗಲಿಲ್ಲ. "ಕೊಯ್ದು ಕರೀ ಬಣ್ಣ ಬಳಿಯೋ. ಅವಳೇನು ಮಲ್ಕೊಂಡು ಕೆಳಗೆ ಇಣುಕ್ತಾಳಾ? ಅಕ್ಕಂಗೆ ಗೊತ್ತಾಗಲ್ಲ."

"ಅಕ್ಕಂಗೆ ಗೊತ್ತಾಗಲ್ಲ," ಅಂದ. "ಅಪ್ಪಂಗೆ ಗೊತ್ತಾಗತ್ತೆ."

ಸತ್ತು ಇಪ್ಪತ್ತೆಂಟು ವರ್ಷವಾದ ಮುದುಕನಿಗೆ. ನಾನು ಎದ್ದು ಹೋಗಿ ಇದನ್ನು ಓರ್ಲಿಂಡಾಳಿಗೆ ಹೇಳಿದೆ, ಬಯ್ಯಲಿ ಎಂದೇ ಹೇಳಿದೆ. ಅವಳು ಬಯ್ಯಲಿಲ್ಲ. ರೊಟ್ಟಿ ತಿರುವಿಹಾಕುವುದನ್ನು ಮರೆತು ನಿಂತಳು. ಒಂದು ಪಕ್ಕ ಸೀದೇ ಹೋಯಿತು.

ಮರುದಿನ ಬೆಳಗ್ಗೆ ಶೆಡ್ಡಿನ ಬಾಗಿಲಲ್ಲಿ ಓರ್ಲಿಂಡಾ. ತಲೆಗೆ ವಸ್ತ್ರ, ಕಣ್ಣಿಗೆ ನನ್ನ ಹೆಂಡತಿಯ ಈಜುವ ಕನ್ನಡಕ, ಕೈಗೆ ಬೇಕರಿ ಒಲೆಯ ದಪ್ಪ ಕೈಗವಸು.

"ಆ ಗ್ರೈಂಡರ್ ಕೊಡು ಇಲ್ಲಿ."

"ಏನ್ ಮಾಡ್ತೀಯೇ?"

"ಅಪ್ಪ ನಿನ್ ಕೈ ಅಂದ. ನನ್ ಕೈ ಅನ್ಲಿಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ಅದು. ಮಂಡಿಯೂರಿ ಕೂರಲಾರದವಳಿಗಾಗಿ ಪಿಕಪ್ಪನ್ನೇ ಅವಳೆದೆಯ ಎತ್ತರಕ್ಕೆ ಕಂಬಗಳ ಮೇಲೆ ಏರಿಸಿದೆವು. ಅವಳು ಅಡುಗೆಮನೆಯ ಕುರ್ಚಿ ಹಾಕಿಕೊಂಡು ಕೂತಳು. ಎಲ್ಫೆಗೊ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ, ಅಪ್ಪಿತಪ್ಪಿಯೂ ತಾಗದಿರಲೆಂದು, ಹಾಗೆಯೇ ಬಗ್ಗಿ ಅವಳ ಕಿವಿಯ ಪಕ್ಕ ಹೇಳುತ್ತಿದ್ದ. "ಒತ್ಬೇಡ. ಅದರ ಪಾಡಿಗೆ ಅದು ತಿನ್ಲಿ. ಗೆರೆ ಒಳಗಿರು. ಈಗ ನಿಧಾನಕ್ಕೆ ತಿರುಗ್ಸು." ಕಿಡಿ ಮಳೆಯಂತೆ ಸುರಿಯಿತು. ಅವಳು ಅಪ್ಪನಿಂದ ಹಿಡಿದು ಸ್ವರ್ಗದಲ್ಲಿರುವ ಸಂತರವರೆಗೆ ಎಲ್ಲರನ್ನೂ ಬಯ್ದಳು. ಎಡಗಡೆಯ ಕೊಯ್ತ ಇಲಿ ಕಡಿದಂತಿತ್ತು, ಬಲಗಡೆಯದು ಎಷ್ಟು ನುಣುಪಾಗಿ ಬಂತೆಂದರೆ ಎಲ್ಫೆಗೊ ಎರಡೆರಡು ಸಲ ಬೆರಳಾಡಿಸಿ ನೋಡಿದ.

"ಯಾಕೋ, ಸರಿ ಇಲ್ವಾ?"

"ಸರಿ ಇದೆ," ಅಂದ. "ನೀನು ನಲವತ್ತು ವರ್ಷ ವೇಸ್ಟ್ ಮಾಡ್ದೆ."

ಬೆಸುಗೆಯೆಲ್ಲ ಅವನೇ ಹಾಕಿದ. ಬೆಸುಗೆಗೆ ಆಣೆ ಇರಲಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಅಕ್ಕನಿಗೆ ಹತ್ತಲು ಸಾಕಾಗುವಷ್ಟು ತಗ್ಗಿದರೆ ಸಾಕಿತ್ತು. ಅಷ್ಟಕ್ಕೆ ನಿಲ್ಲಿಸುವುದು ನಮ್ಮ ಕಣಿವೆಯಲ್ಲಿ ಯಾರಿಗೂ ಬರದ ವಿದ್ಯೆ. ಪಿಕಪ್ಪಿನ ಹೊಟ್ಟೆ ನೆಲಕ್ಕೆ ತಾಗುವವರೆಗೆ ತಗ್ಗಿಸಿದ, ಕೆಳಗೆ ಒಂದು ಹಾಳೆ ತೂರಿಸಿ ನೋಡಿದ, ತೂರಲಿಲ್ಲವೆಂದು ಹಿಗ್ಗಿದ. ನೋಟಕ್ಕೆ ಇನ್ನೂ ಚೆಂದ ಎಂದು ಸೀಟಿನ ಕೆಳಗಿನ ಪೀಠವನ್ನೂ ತೆಗೆದ. ನಾನಾದರೂ ಬಯ್ಯಬೇಕಿತ್ತು. ನಾನೂ ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ, ಯಾಕೆಂದರೆ ಅಷ್ಟು ಚೆಂದವಿತ್ತು.

ಹೂಳೆತ್ತುವ ದಿನಕ್ಕೆ ಮೂರು ದಿನ ಮೊದಲು ಓರ್ಲಿಂಡಾ ಬಂದಳು. ಎಲ್ಫೆಗೊ ಗುಂಡಿ ಒತ್ತಿದ, ಪಿಕಪ್ ಉಸ್ಸೆಂದು ಕೂತಿತು. ಅವಳು ಬೆನ್ನು ತಿರುಗಿಸಿ ನಿಂತು, ಹಾಗೇ ಹಿಂದಕ್ಕೆ ಕುಸಿದು ಕೂತು, ಕಾಲೆರಡನ್ನೂ ಒಳಗೆಳೆದುಕೊಂಡಳು. ಏಳು ತಿಂಗಳ ಮೇಲೆ ತನ್ನ ಗಾಡಿಯಲ್ಲಿ ಕೂತಿದ್ದಳು. ಸ್ಟಿಯರಿಂಗನ್ನು ಎರಡು ಕೈಯಲ್ಲಿ ಸವರಿದಳು, ಗಾಡಿ ಎಬ್ಬಿಸಿ ಅಂಗಳದಲ್ಲಿ ಎರಡು ಸುತ್ತು ಓಡಿಸಿದಳು, ತಂದು ನಿಲ್ಲಿಸಿ ಮತ್ತೆ ತಗ್ಗಿಸಿದಳು. ಆಮೇಲೆ ಇಳಿಯಲು ಹೋದಳು.

ಏಳಲಾಗಲಿಲ್ಲ. ಸೀಟು ಮಂಡಿಗಿಂತ ಕೆಳಗಿತ್ತು, ಗಾಡಿಯೋ ಒಂದೇ ಏಟಿಗೆ ಪೂರ್ತಿ ಏಳುತ್ತಿತ್ತು ಇಲ್ಲವೇ ಪೂರ್ತಿ ಕೂರುತ್ತಿತ್ತು, ನಡುವೆ ನಿಲ್ಲುತ್ತಿರಲಿಲ್ಲ. ಎಷ್ಟೆಲ್ಲ ಅಳೆದಿದ್ದ ಎಲ್ಫೆಗೊ, ಕೂರುವುದನ್ನು ಅಳೆದಿದ್ದನೇ ಹೊರತು ಏಳುವುದನ್ನು ಅಳೆದಿರಲಿಲ್ಲ. ಬಾಗಿಲ ಅಂಚು ಹಿಡಿದು ಮೂರು ಸಲ ನೋಡಿದಳು. ಕೊನೆಗೆ ನಾವಿಬ್ಬರೂ ಕಂಕುಳಿಗೆ ಕೈಹಾಕಿ ಆಲೂಗಡ್ಡೆ ಮೂಟೆಯಂತೆ ಎಳೆದೆವು. ಅವಳ ತಲೆವಸ್ತ್ರ ಜಾರಿ ಬಿತ್ತು.

"ಇದು ಪಿಕಪ್ ಅಲ್ಲ, ಬಾವಿ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನನ್ನನ್ನು ಹೆದರಿಸಿತು. "ಬಿಡು. ಶನಿವಾರ ಕೋಲು ಪ್ರೊಕೋಪಿಯೊಗೆ ಕೊಡ್ತೀನಿ."

ಮರುದಿನ ನಾನು ಶೆಡ್ಡಿಗೆ ಹೋದಾಗ ಎಲ್ಫೆಗೊ ಪಿಕಪ್ಪಿನ ಬಾಗಿಲ ಮುಂದೆ ಬೋರಲು ಬಿದ್ದಿದ್ದ. ಎರಡೂ ಕಾಲಿಗೆ ತೊಡೆಯಿಂದ ಮೀನಖಂಡದವರೆಗೆ ಮರದ ಪಟ್ಟಿ ಇಟ್ಟು ಬಟ್ಟೆ ಸುತ್ತಿಕೊಂಡಿದ್ದ, ಮಂಡಿ ಅರ್ಧಕ್ಕಿಂತ ಹೆಚ್ಚು ಮಡಚದಂತೆ.

"ಏನೋ ಇದು ವೇಷ?"

"ಅಕ್ಕನ ಮಂಡಿ ಮಾಡ್ಕೊಂಡಿದೀನಿ. ಎತ್ತು ನನ್ನ."

ಅವನು ಕಂಡುಕೊಂಡದ್ದು ಹೀಗೆ. ಪಿಕಪ್ಪನ್ನು ತಗ್ಗಿಸಿ, ಸೀಟಿನಲ್ಲಿ ಅಡ್ಡ ತಿರುಗಿ, ಎರಡೂ ಪಾದ ಹೊರಗೆ ನೆಲಕ್ಕೆ ಊರಿ ಕೂರಬೇಕು. ಆಮೇಲೆ ತಾನು ಏಳಬಾರದು, ಗಾಡಿಯನ್ನು ಏಳಿಸಬೇಕು. ಸೀಟು ಮೇಲೆ ಬಂದಂತೆ ಅದೇ ಅವಳನ್ನು ಎತ್ತಿ ನಿಲ್ಲಿಸುತ್ತದೆ. ಸಮಸ್ಯೆ ಒಂದೇ. ನಲವತ್ತು ವರ್ಷ ಅವನು ಕಲಿತದ್ದು ಗಾಡಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಚಂಗನೆ ಎಬ್ಬಿಸುವ ಕಲೆ. ಗುಂಡಿ ಒತ್ತಿದಾಗಲೆಲ್ಲ ಅವನು ಬಾಣಲೆಯ ಜೋಳದಂತೆ ಹೊರಗೆ ಸಿಡಿಯುತ್ತಿದ್ದ. ಈಗ ಬೇಕಿದ್ದದ್ದು ನಿಧಾನ. ಕೊಳವೆಯ ಬಾಯನ್ನು ಕಿರಿದು ಮಾಡಿದ, ಇನ್ನೂ ಕಿರಿದು ಮಾಡಿದ. ಎರಡು ದಿನದಲ್ಲಿ ಹದಿನಾಲ್ಕು ಸಲ ಬಿದ್ದ, ಎಣಿಸಿದವನು ನಾನು. ಹದಿನೈದನೆಯ ಸಲ ಪಿಕಪ್ ಹಾಲುಕ್ಕುವ ಹಾಗೆ ಮೆಲ್ಲಗೆ ಎದ್ದಿತು. ಎಲ್ಫೆಗೊ ಪಟ್ಟಿ ಕಟ್ಟಿದ ಕಾಲಿನ ಮೇಲೆ ನಿಂತಿದ್ದ.

ಶನಿವಾರ ಬೆಳಗ್ಗೆ ಓರ್ಲಿಂಡಾ ಅಳತೆಗೋಲು ಹಿಡಿದು ಶೆಡ್ಡಿಗೆ ಬಂದಳು, ಅದನ್ನು ಪ್ರೊಕೋಪಿಯೊಗೆ ಕೊಟ್ಟುಬಿಡಲೆಂದೇ. ಎಲ್ಫೆಗೊ ಬಾಗಿಲ ಅಂಚಿನಲ್ಲಿ ಕೂರಿಸಿದ ಹೊಸ ಗುಂಡಿ ತೋರಿಸಿ ಹೇಗೆಂದು ವಿವರಿಸಿದ.

"ಒಂದ್ಸಲ ಇಲ್ಲೇ ಮಾಡಿ ನೋಡು ಅಕ್ಕ."

"ಇನ್ನೊಂದ್ಸಲ ಮೂಟೆ ಆಗಲ್ಲ ನಾನು," ಅಂದಳು. ಕೂತಳು, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು, ಗಾಡಿ ಎಬ್ಬಿಸಿ ಹೊರಟಳು. ಎಲ್ಫೆಗೊ ಸಲಿಕೆ ಹೆಗಲಿಗೇರಿಸಿ ಹಿಂದಿನಿಂದ ನಡೆದು ಬಂದ.

ಏರಿಯ ಮೇಲೆ ಪಿಕಪ್ ಕಲ್ಲುಗಳಿಗೆ ಹೊಟ್ಟೆ ತಾಗಿಸದೆ ಸಲೀಸಾಗಿ ಹೋಯಿತು. ಒಣಗಿದ ಕಾಲುವೆಯ ಉದ್ದಕ್ಕೂ ಮೂವತ್ತು ಜನ ಸಲಿಕೆ ಊರಿ ನಿಂತಿದ್ದರು. ಮುಂದೆ ಹೊಸ ಬೂಟಿನ ಪ್ರೊಕೋಪಿಯೊ. ಓರ್ಲಿಂಡಾ ನಿಲ್ಲಿಸಿ ಬಾಗಿಲು ತೆರೆದಳು.

"ಇಳಿಯೋ ತೊಂದ್ರೆ ತಗೋಬೇಡಿ ಅಕ್ಕಯ್ಯ," ಅಂದ ಪ್ರೊಕೋಪಿಯೊ. "ಕೋಲು ಅಲ್ಲಿಂದ್ಲೇ ಕೊಡಿ, ನಾನೇ ಬರ್ತೀನಿ."

ಆ ಮಾತು ಬಾರದೆ ಇದ್ದಿದ್ದರೆ ಅವಳು ಕೊಟ್ಟೇಬಿಡುತ್ತಿದ್ದಳೋ ಏನೋ. ಕೈ ಅರ್ಧಕ್ಕೆ ಚಾಚಿದ್ದಳು. ಚಾಚಿದ ಕೈಯನ್ನು ಹಿಂದಕ್ಕೆ ತಂದು ಗುಂಡಿಯ ಮೇಲಿಟ್ಟಳು. ಪಿಕಪ್ ಉಸ್ಸೆಂದು ಮೂವತ್ತು ಜನರ ಮುಂದೆ ನೆಲಕ್ಕೆ ಕೂತಿತು. ಹಿಂದೆ ಯಾರೋ ನಕ್ಕರು. ಅವಳು ಅಡ್ಡ ತಿರುಗಿದಳು, ಒಂದು ಕಾಲು, ಇನ್ನೊಂದು ಕಾಲು, ಪಾದ ಮಣ್ಣಿಗೆ ಊರಿದಳು. ಕೋಲನ್ನು ಎರಡು ಕೈಯಲ್ಲಿ ಹಿಡಿದು ಮೊಣಕೈಯಿಂದ ಇನ್ನೊಂದು ಗುಂಡಿ ಒತ್ತಿದಳು. ಪಂಪು ಗುರ್ರೆಂದಿತು. ಗಾಡಿ ಮೇಲೇಳುತ್ತ ಬಂತು, ಅದರೊಡನೆ ಅವಳೂ, ಬಟ್ಟೆಯ ಮಡಿಕೆ ಬಿಚ್ಚಿದಂತೆ. ಆಮೇಲೆ ಸೀಟು ಖಾಲಿಯಿತ್ತು, ಓರ್ಲಿಂಡಾ ಏರಿಯ ಮೇಲೆ ನಿಂತಿದ್ದಳು. ಯಾರೂ ಅವಳನ್ನು ಹಿಡಿದಿರಲಿಲ್ಲ.

ನಗು ನಿಂತಿತ್ತು. ಪ್ರೊಕೋಪಿಯೊ ಹತ್ತಿರ ಬಂದು ಬಾಗಿಲ ಅಂಚಿನ ಗುಂಡಿಯನ್ನೇ ನೋಡಿದ. "ನಂಗೂ ಸೊಂಟ ಹಿಡ್ಕೊಂಡಿದೆ," ಅಂದ ಸಣ್ಣ ದನಿಯಲ್ಲಿ. "ಯಾರ ಕೆಲಸ ಇದು?"

ಅಷ್ಟರಲ್ಲಿ ಬಂದು ತಲುಪಿದ್ದ ಎಲ್ಫೆಗೊ ಹಿಂದಿನಿಂದ, "ಕೊಯ್ದಿದ್ದೆಲ್ಲ ಅಕ್ಕಾನೇ," ಅಂದ.

"ಸುಮ್ನಿರೋ," ಅಂದಳು ಓರ್ಲಿಂಡಾ. ಆಮೇಲೆ ಕಾಲುವೆಯ ಆ ತುದಿಗೂ ಕೇಳುವಂತೆ ನೀರುಗಂಟಿಯ ದನಿ ತೆಗೆದಳು. "ಕೊಯ್ದಿದ್ದು ನಾನು. ಮಿಕ್ಕಿದ್ದೆಲ್ಲ ನನ್ ತಮ್ಮ. ಇವನ ಗರಗಸ ಸೋಕಿಸ್ಬೇಡ ಅಂತ ಅಪ್ಪ ನನ್ನ ಹತ್ರ ಆಣೆ ಇಡ್ಸಿದ್ದ. ಅಪ್ಪಂದು ತಪ್ಪು. ನಲವತ್ತು ವರ್ಷ ಅದನ್ನೇ ಹಿಡ್ಕೊಂಡ್ ಕೂತಿದ್ದ ನಂದೂ ತಪ್ಪು. ಎಲ್ರೂ ಕೇಳಿಸ್ಕೊಂಡ್ರಾ? ಹಂಗಾದ್ರೆ ಸಲಿಕೆ ಎತ್ತಿ."

ಕೋಲು ಹಿಡಿದು ನಡೆದಳು. ಮೊದಲ ಪಾಲು ಪ್ರೊಕೋಪಿಯೊಗೆ ಅಳೆದಳು, ಮುಳ್ಳುಪೊದೆ ದಟ್ಟವಾಗಿ ಬೇರುಬಿಟ್ಟ ಜಾಗದಲ್ಲಿ, ಒಂದು ಗೇಣೂ ಹೆಚ್ಚು ಕಡಿಮೆ ಇಲ್ಲದೆ. ಒಬ್ಬೊಬ್ಬರಾಗಿ ಕಾಲುವೆಗೆ ಇಳಿದರು. ಎಲ್ಫೆಗೊನ ಹೆಸರು ಕೂಗಿದಾಗ ಅವನು ಅಲ್ಲಿರಲಿಲ್ಲ.

ಪಿಕಪ್ಪಿನ ಹಿಂದೆ ಹೋಗಿ ನೋಡಿದೆ. ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ನಮಗೆ ಬೆನ್ನು ಹಾಕಿ, ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡಿದ್ದ.

"ಗಾಳಿಚೀಲ ಸೋರ್ತಿದೆಯೇನೋ ನೋಡ್ತಿದೀನಿ," ಅಂದ.

ಸೋರುತ್ತಿರಲಿಲ್ಲ. ಬೆಳಗ್ಗೆ ನಾನೇ ಸೋಪಿನ ನೀರು ಹಾಕಿ ನಾಲ್ಕನ್ನೂ ನೋಡಿದ್ದೆ. "ಸರಿ, ನೋಡು," ಅಂದೆ. ಅವನ ಸಲಿಕೆ ಎತ್ತಿಕೊಂಡು ಹೋಗಿ, ಅವನು ಬರುವವರೆಗೆ ಅವನ ಪಾಲಿನ ಹೂಳು ನಾನು ಎತ್ತಿದೆ. ಅವನು ಬಹಳ ಹೊತ್ತು ಬರಲಿಲ್ಲ.